ಮುನಿದ ದೇವಿಗೆ ಗಿಲಕಿ

ಹೆಂಡತಿಯ ಕೋಪ ಇಳಿಸಲು ಈಜಿಪ್ಟಿನವರೆಗೆ ಹೋದ ಗಂಡನನ್ನು ನೀವು ಕಂಡಿದ್ದೀರಾ? ಲಿಂಗಸುಗೂರಿನ ನಮ್ಮ ಸೋದರಮಾವ ಹೋಗಿದ್ದ, ಅದೂ ಹೈದರಾಬಾದ್ ದಾಟದೆ! ಕೋಪ ಬರಿಸಿದ್ದೂ ಈಜಿಪ್ಟೇ ಎಂಬುದು ಬೇರೆ ಮಾತು.

ನಿಜಾಮರ ಕಾಲ. ತಹಸೀಲ್ ಕಚೇರಿಯ ಗುಮಾಸ್ತನಾಗಿದ್ದ ಮಾವ ಸರ್ಕಾರಿ ಕೆಲಸಕ್ಕೆಂದು ಹೈದರಾಬಾದಿಗೆ ಹೋದವನು ಅಜಾಯಬಖಾನೆ ಎಂಬ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನ ಮಮ್ಮಿ ನೋಡಿ ಬಂದ. ಉಳಿದವರು ಹೆಣ ಕಂಡು ಹೆದರಿದರೆ ಈತ ಪಕ್ಕದ ಚಿತ್ರಕ್ಕೆ ಮರುಳಾಗಿದ್ದ: ಆಕಳ ಕಿವಿಯ ದೇವಿ, ಅವಳೆದುರು ಗಿಲಕಿ ಅಲ್ಲಾಡಿಸುವ ಹೆಂಗಸರು. ಹಿಡಿಕೆಯ ಮೇಲೊಂದು ಕಮಾನು, ಕಮಾನಿಗೆ ಅಡ್ಡ ಸರಳು, ಸರಳಿಗೆ ಬಿಲ್ಲೆ. ಹೆಸರು ಸಿಸ್ಟ್ರಮ್.

"ಆ ದೇವಿಗೆ ಸಿಟ್ಟು ಬಂದ್ರ ಲೋಕಾನ ನುಂಗತಾಳ. ಇದನ್ನ ಗಿಲಗಿಲ ಅನಿಸಿದ್ರ ತಣ್ಣಗಾಗತಾಳ!"

ಹೇಳಿ ಸುಮ್ಮನಾದನೇ? ಮಸ್ಕಿಯ ಕಂಚುಗಾರನಿಂದ ಒಂದನ್ನು ಎರಕ ಹೊಯ್ಯಿಸಿದ. ಕಂಚು ಎಲ್ಲಿಯದು? ಅತ್ತೆ ತವರಿನಿಂದ ತಂದ ಪೂಜೆಯ ಗಂಟೆ! ಅತ್ತೆ ಅಂದೇ ಮಾತು ಬಿಟ್ಟಳು.

ಮಾವ ಅವಳೆದುರು ನಿಂತು ಗಿಲಕಿ ಅಲ್ಲಾಡಿಸಿದ. ಅವಳು ಒಲೆಯ ಕಡೆ ತಿರುಗಿದಳು. ಹಿತ್ತಲಿನ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. (ಓಡಿದ್ದನ್ನು ಕಣ್ಣಾರೆ ಕಂಡೆನೆಂದು ಇಷ್ಟು ವರ್ಷ ಹೇಳಿದ್ದೇನೆ. ಆಗ ನಾನು ಮುದಗಲ್‌ನಲ್ಲಿದ್ದೆನೆಂದು ಅವ್ವನ ವಾದ. ಇರಲಿ, ಎಮ್ಮೆಯಂತೂ ಓಡಿತು.)

"ಏನ್ ಸಾಹೇಬ್ರ, ದೇವಿ ತಣ್ಣಗಾದ್ಲೇನು?" ಪಕ್ಕದ ಮನೆಯ ಪೂಜಾರಿ ಕೆಣಕಿದ.

"ಈಜಿಪ್ಟಿನಾಕಿ ಆಗ್ಯಾಳ. ಇಲ್ಲಿಯಾಕೀದು ಇನ್ನಾ ಹುಕುಂ ಬಂದಿಲ್ಲ."

ಮಾತು ಬಿಟ್ಟವಳು ಗಂಡನನ್ನು ಊಟಕ್ಕೆ ಕರೆಯುವುದು ಹೇಗೆ? ಒಂದು ದಿನ ಅಡುಗೆಮನೆಯಿಂದಲೇ ಗಿಲ್ ಗಿಲ್! ಮೆಲ್ಲಗೆ ಅಂದರೆ ರೊಟ್ಟಿ ಆಗಿದೆ. ಜೋರಾಗಿ ಅಂದರೆ ನೀರು ಸೇದಬೇಕು.

"ಯಾರನ್ನ ಯಾರು ಪಳಗಿಸ್ಯಾರಲೇ ತಮ್ಮಾ?" ಅವ್ವ ನಕ್ಕಳು.

"ಆ ದೇಶದಾಗೂ ಹೆಂಗಸರ ಬಾರಸತಿದ್ರು ಅಕ್ಕಾ, ಪದ್ಧತಿ ತಪ್ಪಿಲ್ಲ," ಎಂದ. ಎಂದನೇ ಹೊರತು, ಒಂದು ಮಾತಿಗಾಗಿ, ಬೈಗುಳವಾದರೂ ಸರಿ, ಅಡುಗೆಮನೆಯ ಬಾಗಿಲಲ್ಲೇ ಸುಳಿದಾಡುತ್ತಿದ್ದ.

ಮಳೆಗಾಲಕ್ಕೆ ಮಾವನಿಗೆ ಚಳಿಜ್ವರ ಹಿಡಿಯಿತು. ಮಧ್ಯಾಹ್ನ ಗಂಜಿ ಕಾಸಿದ ಅತ್ತೆ ಗಿಲಕಿ ಅಲ್ಲಾಡಿಸಿದಳು. ಮಾವ ಏಳಲಿಲ್ಲ. ಜೋರಾಗಿ ಅಲ್ಲಾಡಿಸಿದಳು. ಮಿಸುಕಲಿಲ್ಲ. ಗಿಲಕಿ ಎಸೆದು ಓಡಿಬಂದು, ಹೆಸರು ಹೇಳಿಸುವ ಮದುವೆಯ ಒಡಪಿನಲ್ಲೂ ನಾಚಿ ನುಂಗಿದ್ದ ಗಂಡನ ಹೆಸರನ್ನು ಓಣಿಗೆಲ್ಲ ಕೇಳುವಂತೆ ಕೂಗಿದಳು.

ಮಾವ ಕಣ್ಣು ಬಿಟ್ಟ.

"ಯಾರನ್ನ ಕರಿಯಾಕತ್ತೀದಿ?"

"ನಿಮ್ಮನ್ನರೀ..."

"ಇನ್ನೊಮ್ಮೆ ಕರಿ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು, ಸಣ್ಣ ದನಿಯಲ್ಲಿ, ಇನ್ನೊಮ್ಮೆ ಕರೆದಳು.