ಅರಿಶಿನ ಹಚ್ಚಿದ ಬುಕ್‌ಪೋಸ್ಟ್

ಕಡೂರಿನಲ್ಲಿ ಕೂತುಕೊಂಡೇ ಅಂಚೆಯ ಮೂಲಕ ವ್ಯಾಪಾರ ಮಾಡಬಹುದೆಂದು ಮೊದಲು ಕಂಡುಹಿಡಿದವನು ನಾನೇ ಎಂಬ ನಂಬಿಕೆ, ಎಪ್ಪತ್ತರ ದಶಕದಲ್ಲಿ ನನಗೆ ಬಲವಾಗಿತ್ತು. ಸರಕು ನಮ್ಮಜ್ಜಿ ಕಾಯಿಸುತ್ತಿದ್ದ ಗರುಗದ ಸೊಪ್ಪಿನ ಕೂದಲೆಣ್ಣೆ. ಅಂಗಡಿ ಬೇಡ, ಗಲ್ಲಾಪೆಟ್ಟಿಗೆ ಬೇಡ. ಕರಪತ್ರ ಅಚ್ಚು ಹಾಕಿಸಿ ಮನೆಮನೆಗೆ ಅಂಚೆಯಲ್ಲಿ ಕಳಿಸುವುದು, ಬೇಕೆಂದವರಿಗೆ, ಅಂಚೆಯವನಿಗೆ ಹಣ ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ.ಪಿ.ಯಲ್ಲಿ ಸೀಸೆ ಕಳಿಸುವುದು. ಇದರಲ್ಲಿ ಎಡವಟ್ಟಾಗಲು ಜಾಗವಾದರೂ ಎಲ್ಲಿದೆ!

ವಿಳಾಸಗಳು ಬೇಕಿತ್ತು. ಪೆಟ್ಟಿಗೆಯಲ್ಲಿ ನಮ್ಮ ಮದುವೆಯ ಮುಯ್ಯಿ ಪುಸ್ತಕವಿತ್ತು. ಯಾರು ಕೊಳಗ ಕೊಟ್ಟರು, ಯಾರು ಪಂಚೆ ಕೊಟ್ಟರು ಎಂಬುದರ ಜೊತೆಗೆ ಅವರವರ ಹೆಸರು, ಊರು ಎಲ್ಲ ಅದರಲ್ಲಿ ಬರೆದಿತ್ತು.

"ಮುಯ್ಯಿ ಪುಸ್ತಕ ಯಾಕ್ರೀ ತೆಗೆದ್ರಿ?" ಎಂದಳು ಹೆಂಡತಿ ಗೌರಮ್ಮ.

"ಇದು ವ್ಯಾಪಾರದ ವಿಷ್ಯ. ನಿಂಗೆ ಅರ್ಥ ಆಗಲ್ಲ ಕಣೇ."

ಅವಳು ಒಳಗೆ ಹೋದಳು. ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದು ಹೆಸರನ್ನೂ ಬಿಡದೆ, ಒಂದು ಹೆಸರನ್ನೂ ಓದದೆ, ನೂರೈವತ್ತು ಕವರುಗಳ ಮೇಲೆ ವಿಳಾಸ ಬರೆದೆ.

ಆಮೇಲೆ ಒಂದು ಮಹತ್ವದ ಆಲೋಚನೆ ಹೊಳೆಯಿತು. ಬರೀ ಜಾಹೀರಾತು ಎಂದು ತಿಳಿದರೆ ಜನ ಒಲೆಗೆ ಹಾಕುತ್ತಾರೆ. ಆದರೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಕಾಗದವನ್ನು ನಮ್ಮ ಕಡೆ ಯಾರೂ ಒಲೆಗೆ ಹಾಕುವುದಿಲ್ಲ. ಅದು ಮದುವೆಯ ಕಾಗದ. ಮೊದಲು ದೇವರ ಗೂಡಿನಲ್ಲಿಟ್ಟು, ಆಮೇಲೆ ಒಡೆಯುತ್ತಾರೆ. ಅರಿಶಿನ ಕಲಸಿ ನೂರೈವತ್ತು ಕವರಿಗೂ ಹಚ್ಚಿದೆ. ಕರಪತ್ರ ಜಾರಿ ಬಿದ್ದೀತೆಂದು ಕವರುಗಳ ಬಾಯಿಗೆ ಮೈದಾ ಅಂಟು ಬಳಿದು ಭದ್ರವಾಗಿ ಮುಚ್ಚಿದೆ. ಅಚ್ಚಾದ ಕಾಗದಗಳಿಗಿರುವ ಬುಕ್‌ಪೋಸ್ಟಿನ ಕಡಿಮೆ ದರದ ಅಂಚೆ ಚೀಟಿ ಅಂಟಿಸಿದೆ. ಕೆಳಗೆ ನನ್ನ ಹೆಸರು ಬರೆದು ಅಂಚೆ ಡಬ್ಬಿಗೆ ಹಾಕಿ ಬಂದೆ.

ಬುಕ್‌ಪೋಸ್ಟಿನ ಬಾಯಿ ತೆರೆದೇ ಇರಬೇಕು, ಅಂಟಿಸಿದರೆ ಅದು ಕಾಗದವೆಂದು ಲೆಕ್ಕ, ಕಡಿಮೆ ಬಿದ್ದ ದರವನ್ನು ಪಡೆಯುವವರಿಂದಲೇ ಎರಡರಷ್ಟು ವಸೂಲಿ ಮಾಡುತ್ತಾರೆ ಎಂಬ ನಿಯಮ ನನಗೆ ಗೊತ್ತಿರಲಿಲ್ಲ. ನಿಯಮಕ್ಕೆ ನಾನು ಗೊತ್ತಿದ್ದೆ.

ಐದನೆಯ ದಿನ ಅಜ್ಜಂಪುರದಿಂದ ಮಾವನವರು ಬಂದಿಳಿದರು. ಕಾಲು ತೊಳೆಯಲೂ ನಿಲ್ಲಲಿಲ್ಲ.

"ಗಿರಿಜಾ ಮದ್ವೆ ಯಾವತ್ತು ಅಂತ, ಕವರು ಒಡೆಯಕ್ಕೆ ಮುಂಚೇನೇ ಊರೆಲ್ಲ ನನ್ನ ಕೇಳ್ತಾ ಐತೆ. ನಂಗೇ ಗೊತ್ತಿಲ್ವಲ್ಲಪ್ಪಾ."

ಗಿರಿಜಾ ನನ್ನ ಹೆಂಡತಿಯ ತಂಗಿ. ನಮ್ಮ ಮನೆಯ ಹೆಸರಿನಲ್ಲಿ ಅರಿಶಿನದ ಕವರು ಬಂದರೆ ಮದುವೆಗಿರುವ ಹುಡುಗಿ ಅವಳೊಬ್ಬಳೇ ಎಂದು ನೆಂಟರಿಗೆಲ್ಲ ಗೊತ್ತು. ಮೂರು ಸಂಬಂಧ ತಪ್ಪಿಹೋದ ಮೇಲೆ ತರೀಕೆರೆಯ ಒಬ್ಬ ಮೇಷ್ಟ್ರ ಕಡೆಯವರು ಬಂದು ನೋಡಿಕೊಂಡು ಹೋಗಿದ್ದರು. "ಮನೇಲಿ ಮಾತಾಡಿ ತಿಳಿಸ್ತೀವಿ" ಎಂದಿದ್ದರು. ಹುಡುಗನೇ ಆ ಮೇಷ್ಟ್ರು. ತಲೆಗೆ ಬಿಳಿ ಟೋಪಿ ಇಟ್ಟುಕೊಂಡು ಬಂದಿದ್ದ, ಉಪ್ಪಿಟ್ಟು ತಿನ್ನುವಾಗಲೂ ತೆಗೆಯಲಿಲ್ಲ. ಎಷ್ಟು ಸಂಕೋಚದ ಹುಡುಗ ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು. ಗಿರಿಜೆಗೂ ಅವನು ಹಿಡಿಸಿದ್ದ.

ಮುಯ್ಯಿ ಪುಸ್ತಕದ ಒಂದು ಪುಟವನ್ನು ಬೆರಳಿಟ್ಟು ತೋರಿಸಿದಳು ಗೌರಮ್ಮ. ಹುಡುಗನ ಅಪ್ಪ ನಮಗೆ ದೂರದ ನೆಂಟರು. ನಮ್ಮ ಮದುವೆಗೆ ತಂಬಿಗೆ ಕೊಟ್ಟಿದ್ದರು. ಅವರ ಮನೆಗೂ ಕವರು ಹೋಗಿತ್ತು.

"ನಾನೇ ಹೋಗಿ ಸರಿಮಾಡಿ ಬತ್ತೀನಿ," ಎಂದೆ. ಆಗಲೂ ನನಗೆ ಧೈರ್ಯವಿತ್ತು!

ತರೀಕೆರೆಯಲ್ಲಿ ಹುಡುಗನ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಕವರು ಒಡೆಯದೆ ಪಕ್ಕದಲ್ಲೇ ಇತ್ತು.

"ನಾವಿನ್ನೂ ಹೂಂ ಅಂದಿಲ್ಲ. ನೀವು ಮದ್ವೆ ಕಾಗ್ದ ಹಂಚ್ಬಿಟ್ರಿ. ಅದನ್ನ ದಂಡ ಕಟ್ಟಿ ಬಿಡಿಸ್ಕೊಂಡಿದ್ದೂ ನಾನೇ," ಎಂದರು. "ಅರಿಶಿಣ ಹಚ್ಚಿದ್ದನ್ನ ಬ್ಯಾಡ ಅನ್ನಕ್ಕಾಯ್ತದಾ?"

"ಇದು ಮದುವೆ ಕಾಗದ ಅಲ್ಲವೇ ಅಲ್ಲ ಕಣ್ರೀ. ಒಡೆದು ನೋಡಿ, ನಿಮಗೇ ಗೊತ್ತಾಗುತ್ತೆ."

ಅವರಿಗೆ ಕಣ್ಣು ಮಂಜು. ಮಗನನ್ನು ಕರೆದರು. ಮೇಷ್ಟ್ರು ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತ, ಟೋಪಿಯಿಲ್ಲದೆ ಹೊರಗೆ ಬಂದರು. ನೆತ್ತಿಯ ಮೇಲೆ ಒರೆಸುವಂಥದ್ದು ಏನೂ ಇರಲಿಲ್ಲ. ಅಂಟು ಕಿತ್ತು, ಪಾಠ ಓದುವ ಸ್ವಚ್ಛ ದನಿಯಲ್ಲಿ ಕರಪತ್ರ ಓದಿದರು: "ಬೋಳು ತಲೆಯವರೇ, ಇನ್ನೆಷ್ಟು ದಿನ ಅದನ್ನು ಮುಚ್ಚಿಕೊಂಡು ತಿರುಗುವಿರಿ?"

ಆ ವಾಕ್ಯ ಬರೆದವನು ನಾನೇ. ಬಹಳ ಹೊತ್ತು ಯೋಚಿಸಿ ಬರೆದಿದ್ದೆ.

ಮೇಷ್ಟ್ರು ಕರಪತ್ರವನ್ನು ಮಡಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

"ಬಸ್ಸಿಗೆ ಹೊತ್ತಾಯ್ತು, ಹೊರಡಿ," ಎಂದರು ಅವರಪ್ಪ. ಮುಂದಿನ ವಾರ ಅವರಿಂದ ಮಾವನವರಿಗೆ ಒಂದು ಕಾರ್ಡು ಬಂತು. ಚೀಟಿಯ ದರ ಸರಿಯಾಗಿತ್ತು. ಸಂಬಂಧ ಬೇಡವೆಂದು ಬರೆದಿತ್ತು.

ನಾನು ಅಜ್ಜಂಪುರಕ್ಕೆ ಹೋಗಿ ಗಿರಿಜೆಯ ಎದುರು ನಿಂತೆ. ಅವಳು ಅಕ್ಕಿ ಆರಿಸುತ್ತಿದ್ದಳು. ಸಮಾಧಾನ ಹೇಳುವವನ ಹಾಗೆ, "ಹೋಗ್ಲಿ ಬಿಡಮ್ಮ, ಬೋಳು ತಲೆ ಮುಚ್ಚಿಟ್ಟು ಹುಡುಗಿ ನೋಡಕ್ಕೆ ಬಂದಿದ್ದ," ಎಂದೆ.

ಅವಳು ಮೊರದಿಂದ ತಲೆಯೆತ್ತಲಿಲ್ಲ. "ನಂಗವತ್ತೇ ಗೊತ್ತಾಗಿತ್ತು ಭಾವ. ನೀರು ಕುಡಿಯೋವಾಗ ಟೋಪಿ ಜಾರ್ತು. ಒಳ್ಳೆಯವ್ರು ಅನ್ಸಿತ್ತು, ಅಷ್ಟೆ."

ಈಗ ಬರೆಯುವಾಗಲೂ ಆ ಮಾತಿಗೆ ನನ್ನ ತಲೆ ತಗ್ಗುತ್ತದೆ.

ಎರಡು ವರ್ಷದ ಮೇಲೆ ಗಿರಿಜೆಗೆ ದೇವನೂರಿನ ಕಡೆ ಮದುವೆ ಗೊತ್ತಾಯಿತು. ಕಾಗದ ಕಳಿಸಲು ಎಲ್ಲರೂ ಚಾಪೆ ಹಾಕಿಕೊಂಡು ಕೂತೆವು. ನಾನು ಕೈ ಚಾಚುತ್ತಿದ್ದಂತೆ ಅತ್ತೆಯವರು ಅರಿಶಿನದ ಬಟ್ಟಲನ್ನು ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು. ಗೌರಮ್ಮ ಅಂಟಿನ ಬಟ್ಟಲನ್ನೂ ಆ ಕಡೆ ಸರಿಸಿದಳು. ನನಗೆ ಸಿಕ್ಕಿದ್ದು ಅಂಚೆ ಚೀಟಿಗಳನ್ನು ಬಿಡಿಸಿ ಕೊಡುವ ಕೆಲಸ. ನಾನು ಕೊಟ್ಟ ಒಂದೊಂದು ಚೀಟಿಯ ಮೇಲಿನ ದರವನ್ನೂ ಗಿರಿಜೆ ಓದಿ ನೋಡಿ, ಆಮೇಲೆ ಅಂಟಿಸಿದಳು.