ಹಾಳುಬಾವಿಯ ತಿರುವಿನಲ್ಲಿ ಗಾಡಿ ಹಿಡಿದವರು

ದೆವ್ವಕ್ಕೆ ನಾನು ಹೆದರಿದವಳಲ್ಲ. ಅತ್ತೆಯ ಜೊತೆ ಹದಿನೆಂಟು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳಿಗೆ ದೆವ್ವ ಏನು ಮಾಡೀತು? ನನಗೆ ಹೆದರಿಕೆ ಹುಟ್ಟುವುದು, ನನಗಿಂತ ಬುದ್ಧಿ ಹೆಚ್ಚಿದ್ದೂ ಬಾಯಿ ಬಿಡದೆ ಕೂತವರನ್ನು ಕಂಡರೆ. ಮನುಷ್ಯರಲ್ಲಿ ಅಂಥವರು ಸಿಗುವುದಿಲ್ಲ. ಗಾಡಿಗಳಲ್ಲಿ ಒಂದಿದೆ. ಅದು ರೋಣದಲ್ಲಿ ನಮ್ಮ ಮನೆಯ ಮುಂದೆಯೇ ನಿಂತಿದೆ.

ನನ್ನ ಸೊಸೆ ಗಿರಿಜಾ ದನದ ಡಾಕ್ಟರು. ಅವಳು ತಿರುಗುವ ಹಳ್ಳಿಗಳೆಲ್ಲ ಎರೆಭೂಮಿ. ಎರಡು ಹನಿ ಬಿದ್ದರೆ ಸಾಕು, ಆ ಮಣ್ಣು ಕಾಲು ಹಿಡಿದು ಬಿಡುವುದಿಲ್ಲ, ಇಲ್ಲವೇ ನಿಲ್ಲಲು ಬಿಡುವುದಿಲ್ಲ. ಅದಕ್ಕೆಂದೇ ನನ್ನ ಮಗ ಈರಣ್ಣ, ಬೀಜ ಗೊಬ್ಬರದ ಅಂಗಡಿಯವನು, ಹುಬ್ಬಳ್ಳಿಯಿಂದ ಒಂದು ಹಳೆಯ ದೊಡ್ಡ ಕಾರು ತಂದ. ನಾಲ್ಕೂ ಗಾಲಿ ಎಳೆಯುವ ಕಾರು. ನಾನು ಸೊಸೆಯ ಪಕ್ಕದಲ್ಲಿ ಕೂತು ಹೋಗತೊಡಗಿದೆ. ಜೊತೆಗಿರಲಿ ಎಂದು ಹೇಳಿಕೊಂಡೆ. ಖರೇ ಹೇಳಬೇಕೆಂದರೆ, ಹಗಲು ಹೊತ್ತು ಮನೆಯಲ್ಲಿ ಜಗಳಕ್ಕೆ ಯಾರೂ ಸಿಗುತ್ತಿರಲಿಲ್ಲ.

ಮೊದಲ ಮಳೆಯ ದಿನ ರಾಜೂರಿನ ಹತ್ತಿರ, ಹೊಲದಿಂದ ಎದ್ದ ಟ್ರ್ಯಾಕ್ಟರೊಂದು ಡಾಂಬರಿನ ಮೇಲೆಲ್ಲ ಕೆಸರು ಉದುರಿಸಿ ಹೋಗಿತ್ತು. ಅದರ ಮೇಲೆ ನಮ್ಮ ಗಾಡಿಯ ಹಿಂಭಾಗ ಅಡ್ಡಡ್ಡ ಹೋಗತೊಡಗಿತು. ಕೂಡಲೇ ನನ್ನ ಕಾಲಡಿಯಲ್ಲಿ ಯಾರೋ ಬೀಸುಕಲ್ಲು ತಿರುವಿದ ಹಾಗೆ ಗರಗರ ಸಪ್ಪಳ. ಗಿರಿಜಾಳ ಮುಂದೆ ಒಂದು ಹಳದಿ ದೀಪ ಹತ್ತಿತು. ಅದರಲ್ಲಿ ಸಣ್ಣ ಗಾಡಿಯ ಚಿತ್ರ, ಗಾಡಿಯ ಹಿಂದೆ ಹಾವು ಹರಿದಂಥ ಎರಡು ಗೆರೆ. ಗಾಡಿ ತಾನಾಗಿಯೇ ನೆಟ್ಟಗಾಯಿತು.

"ಯವ್ವಾ, ಯಾರ ಹಿಡದ್ರವಾ?" ಎಂದೆ.

"ಗಾಡೀನ ಹಿಡದತ್ರಿ ಅತ್ತಿ. ಗಾಲಿ ಜಾರಿದ್ರ ಅದಕ್ಕ ತಿಳೀತೈತಿ. ತಾನ ಬ್ರೇಕ ಹಾಕತೈತಿ, ತಾನ ಇಂಜಿನ್ ಜೋರ ಕಡಿಮಿ ಮಾಡತೈತಿ."

"ನಿನ್ನ ಕೇಳತೈತೇನ?"

"ಕೇಳಂಗಿಲ್ರಿ."

ಆ 'ಕೇಳಂಗಿಲ್ಲ' ಎಂಬುದು ನನಗೆ ಸರಿ ಬರಲಿಲ್ಲ. ನಾನೂ ಚಕ್ಕಡಿ ಹೊಡೆದವಳು. ಒಳ್ಳೆಯ ಎತ್ತು ಕೂಡ ಮೆತ್ತನೆಯ ಮಣ್ಣಿಗೆ ಕಾಲಿಡುವುದಿಲ್ಲ. ಆದರೆ ಎತ್ತು ಒಮ್ಮೆ ತಿರುಗಿ ನೋಡುತ್ತದೆ. ಇದಕ್ಕೆ ತಿರುಗಿ ನೋಡಲು ಮುಖ ಎಲ್ಲಿದೆ?

ಇಷ್ಟು ಶಾಣ್ಯಾ ವಸ್ತುವಿಗೆ ದೃಷ್ಟಿ ತಾಗದೆ ಇರುತ್ತದೆಯೇ? ಹೊಸ ಎತ್ತು ತಂದರೆ ನಾವು ಕಾಲಿಗೆ ಕರಿ ಉಣ್ಣೆಯ ದಾರ ಕಟ್ಟುತ್ತೇವೆ. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಆದರೆ ಗಾಡಿಯ ಕಾಲು ಯಾವುದು ಎಂದು ತಿಳಿಯದಷ್ಟು ದಡ್ಡಿಯಲ್ಲ. ಮುಂದಿನ ಗಾಲಿಯ ಹಿಂದೆ ಕೈ ಹಾಕಿದೆ. ಎಲ್ಲವೂ ದಪ್ಪ ಕಬ್ಬಿಣ, ದಾರ ನಿಲ್ಲುವಂತಿರಲಿಲ್ಲ. ಒಂದೇ ಒಂದು ತೆಳ್ಳಗಿನ ವೈರು, ನರದ ಹಾಗೆ ಗಾಲಿಗೆ ಇಳಿದಿತ್ತು. ಅದಕ್ಕೇ ಮೂರು ಸುತ್ತು ಬಿಗಿದು ಮೂರು ಗಂಟು ಹಾಕಿದೆ. ಯಾರಿಗೂ ಹೇಳಲಿಲ್ಲ. ಗಿರಿಜಾ ಓದಿದವಳು, ನಗುತ್ತಾಳೆ.

ಲಕ್ಕಲಕಟ್ಟಿಯ ದಾರಿಯಲ್ಲಿ ಒಂದು ಹಾಳುಬಾವಿಯಿದೆ. ಕಟ್ಟೆ ಬಿದ್ದು ಹೋಗಿದೆ. ಅಲ್ಲಿ ರಸ್ತೆ ಎಡಕ್ಕೆ ಗಪ್ಪನೆ ಹೊರಳುತ್ತದೆ. ಮರುದಿನ ನೆಟ್ಟಗಿನ ಬಿಸಿಲಿನಲ್ಲಿ, ಒಣ ರಸ್ತೆಯ ಮೇಲೆ, ಆ ತಿರುವಿಗೆ ಬಂದೊಡನೆ ಗಾಡಿ ತಾನಾಗಿ ಹಿಡಿಯಿತು. ಗರಗರ ಸಪ್ಪಳ. ಹಾವಿನ ಗೆರೆಯ ದೀಪ.

"ಅತ್ತಿ, ಬ್ರೇಕಿನ ಒಳಗಿಂದ ಯಾರೋ ನನ್ನ ಕಾಲ ದಬ್ಬಿದಂಗಾತ್ರಿ," ಎಂದಳು ಗಿರಿಜಾ.

ಇನ್ನೊಮ್ಮೆ ಹೋದಾಗಲೂ ಅಲ್ಲಿಯೇ. ಹೋಗುವಾಗ ಹಿಡಿಯುತ್ತಿತ್ತು, ಬರುವಾಗ ಬಿಟ್ಟುಬಿಡುತ್ತಿತ್ತು. ನಾವು ಮುಂದೆ ಹೋಗುವುದು ಯಾರಿಗೋ ಬೇಡವಾಗಿದೆ ಎಂದು ನನಗೆ ಅನಿಸಿತು. ಕುರಿ ಕಾಯುವ ಮುದುಕನೊಬ್ಬನನ್ನು ಕೇಳಿದೆ, "ಈ ಬಾವ್ಯಾಗ ಯಾರ ಬಿದ್ದ ಸತ್ತಾರಪಾ?" ಅವನು ಬೆರಳು ಮಡಚಿ ನೆನಪು ಮಾಡಿಕೊಂಡ. "ಒಂದ ಹೋತ ಬಿದ್ದಿತ್ತಬೇ. ಅದೂ ಮೆಟ್ಟಲಾ ಹತ್ತಿ ಮ್ಯಾಲ ಬಂತು."

ನನಗೆ ಇದು ಇನ್ನೂ ಕೆಟ್ಟದೆನಿಸಿತು. ಹೆಸರಿದ್ದ ದೆವ್ವಕ್ಕಾದರೆ ಎಡೆ ಇಡಬಹುದು. ಯಾರೂ ಸಾಯದ ಬಾವಿಯಲ್ಲಿ ಕೂತವರಿಗೆ ಏನು ಇಡುವುದು? ದಾರಕ್ಕೆ ಇನ್ನೂ ಮೂರು ಸುತ್ತು ಹಾಕಿ ಜಗ್ಗಿ ಕಟ್ಟಿದೆ. ಅಂದಿನಿಂದ ಹಿಡಿತ ಇನ್ನೂ ಜೋರಾಯಿತು.

ಒಂದು ಮಧ್ಯಾಹ್ನ ಲಕ್ಕಲಕಟ್ಟಿಯಿಂದ ಫೋನು ಬಂತು. ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಹಾಳುಬಾವಿಯಲ್ಲಿ ಗಾಡಿ ಎಂಥದು ಹಿಡಿಯಿತೆಂದರೆ, ನಿಂತೇಬಿಟ್ಟಿತು. ಗಿರಿಜಾ ಎಷ್ಟು ತುಳಿದರೂ ಇಂಜಿನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದ್ ಮಾಡಿ, ಚಾಲೂ ಮಾಡಿ, ಹಿಂದೆ ಸರಿಸಿ, ಅಂತೂ ಮುಟ್ಟಿದೆವು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ. ಎಮ್ಮೆಯವನು ಗಿರಿಜಾಳ ಕೈ ತೊಳೆಯಲು ನೀರು ಹೊಯ್ದ. ಬೈದಿದ್ದರೆ ಚಲೋ ಇತ್ತು.

ಅವತ್ತು ಈರಣ್ಣ ಕೀಲಿಕೈ ತನ್ನ ಕಿಸೆಗೆ ಹಾಕಿಕೊಂಡ. "ಡ್ರೈವರನ್ನ ಇಡೂಣು. ನಿನ್ನ ಕೈಗೆ ಈ ಗಾಡಿ ಬಗ್ಗಂಗಿಲ್ಲ," ಎಂದ. ಹೆಗಲವರೆಗೆ ಎಮ್ಮೆಯ ಹೊಟ್ಟೆಯಲ್ಲಿ ಕೈ ಹಾಕಿ ಬಂದ ಹೆಣ್ಣುಮಗಳಿಗೆ ಹೇಳುವ ಮಾತೇ ಇದು? ಆ ಕೀಲಿಕೈ ತಿರುಗಿ ಬರದಿದ್ದರೆ, 'ಡಾಕ್ಟರಬಾಯಿಗೆ ಗಾಡಿ ಹೊಡಿಯಾಕ ಬರಲಿಲ್ಲ, ಕರು ಸತ್ತಿತು' ಎಂದು ಹತ್ತು ಊರು ಆಡಿಕೊಳ್ಳುತ್ತವೆ. ಅವಳಿಗೂ ಅದು ಗೊತ್ತಿತ್ತು, ನನಗೂ.

ಮರುದಿನ ಮೂವರೂ ಗಜೇಂದ್ರಗಡದ ಮಿಸ್ತ್ರಿ ಹುಸೇನಸಾಬನ ಹತ್ತಿರ ಹೋದೆವು. ಗಾಡಿ ಎತ್ತಿ, ಗಾಲಿ ಬಿಚ್ಚಿದ. ಒಳಗಿಂದ ಕರಿ ದಾರ ಕರುಳಿನ ಹಾಗೆ ಜೋತು ಬಿತ್ತು.

"ಗಾಲಿ ಹ್ಯಾಂಗ ತಿರಗಾಕತ್ತೈತಿ ಅಂತ ಗಾಡಿಗೆ ಹೇಳೂದು ಈ ವೈರರಿ," ಎಂದ. "ಯಾರೋ ಇದರ ಕುತ್ತಿಗಿಗೆ ಉರ್ಲ ಹಾಕ್ಯಾರ. ಗಾಲಿ ಎಡಕ್ಕ ಗಪ್ಪನ ಹೊಳ್ಳಿದಾಗ ಒಮ್ಮೆ ಜಗ್ಗತೈತಿ. ಗಾಲಿ ನಿಂತೈತಿ, ಗಾಡಿ ಜಾರತೈತಿ ಅಂತ ಇದು ಗಾಬರಿ ಆಗತೈತಿ. ಗಾಡಿಗೆ ಕಣ್ಣ ಕಟ್ಟಿದಂಗ್ರಿ ಇದು."

"ಹಳೇ ಮಾಲಕರ ಕೆಲಸ ಇರಬೇಕು," ಎಂದ ಈರಣ್ಣ.

ಹಳೇ ಮಾಲಕ ಪಾಪ ಎಲ್ಲಿದ್ದಾನೋ, ಹೊತ್ತುಕೊಳ್ಳಲಿ ಎನಿಸಿತು. ಆದರೆ ಹುಸೇನಸಾಬ ನನ್ನ ಮುಂಗೈಯನ್ನೇ ನೋಡುತ್ತಿದ್ದ. ಅಲ್ಲಿಯೂ ಅದೇ ಉಣ್ಣೆ, ಅವೇ ಮೂರು ಗಂಟು.

"ನಾನ ಕಟ್ಟೀನಿ," ಎಂದೆ. "ಕರು ಕೊಂದಾಕಿ ನಾನ. ಆ ಕೀಲಿಕೈ ಅಕಿ ಕೈಯಾಗ ಕೊಡು."

"ಯವ್ವಾ, ನಿನಗೇನ ಹೇಳ್ಲಿ!"

"ಏನೂ ಹೇಳಬ್ಯಾಡ. ಕೊಡು."

ಕೊಟ್ಟ. ಹುಸೇನಸಾಬ ದಾರ ಕೊಯ್ದು ತೆಗೆದ. ಲಕ್ಕಲಕಟ್ಟಿಗೂ ಗಿರಿಜಾಳ ಜೊತೆ ನಾನೇ ಹೋಗಿ, ತಪ್ಪು ನನ್ನದೆಂದು ಎಮ್ಮೆಯವನಿಗೆ ಹೇಳಿದೆ. ಹೋಗುವಾಗ ತಿರುವಿನಲ್ಲಿ ಯಾರೂ ಹಿಡಿದಿರಲಿಲ್ಲ. ಮರಳಿ ಬರುವಾಗ ನೋಡಿದರೆ, ಹೋಗಿ ಬರುವ ಗಾಡಿಗಳೇ ತುಳಿದು ಒಕ್ಕಲಿ ಎಂದು ಯಾರೋ ಅದೇ ತಿರುವಿನಲ್ಲಿ ಹೆಸರುಕಾಳಿನ ಬಳ್ಳಿ ಹರವಿದ್ದರು. ಒಣ ಬಳ್ಳಿಯ ಮೇಲೆ ಗಾಲಿ ಎಣ್ಣೆಯ ಮೇಲೆ ಹೋದಂತೆ ಹೋಯಿತು, ನೆಟ್ಟಗೆ ಬಾವಿಯ ಕಡೆಗೆ. ಗರಗರ ಸಪ್ಪಳ. ದೀಪ. ಯಾರೋ ಗಾಡಿಯ ಮುಖ ಹಿಡಿದು ಈಚೆ ಹೊರಳಿಸಿದರು. ನಿಂತಾಗ ನನ್ನ ಕಿಟಕಿಯ ಕೆಳಗೆ ನೆಲ ಕಾಣಲಿಲ್ಲ. ಬಾವಿಯೊಳಗಿಂದ ಪಾರಿವಾಳಗಳು ಪಟಪಟ ಎದ್ದು ಹೋದವು.

ಗಿರಿಜಾ ಗಾಡಿಯನ್ನು ಇಂಚಿಂಚಾಗಿ ರಸ್ತೆಗೆ ಸರಿಸಿ, "ಇವತ್ತ ಹಿಡದಿದ್ದು ಖರೇ ಹಿಡದಿದ್ದ್ರಿ ಅತ್ತಿ," ಎಂದಳು. ನನ್ನ ದಾರ ಇನ್ನೂ ಅಲ್ಲಿದ್ದಿದ್ದರೆ, ಕಣ್ಣು ಕಟ್ಟಿದ ಗಾಡಿ ನಮ್ಮನ್ನು ಎತ್ತ ಹೊರಳಿಸುತ್ತಿತ್ತೋ. ನನಗರಿವಿಲ್ಲದೆ ನಾನು ಆ ದೀಪಕ್ಕೆ ಕೈ ಮುಗಿದಿದ್ದೆ.

"ಕೈ ಮುಗೀರಿ, ಬ್ಯಾಡ ಅನ್ನಂಗಿಲ್ಲ," ಎಂದಳು ಸೊಸೆ. "ಕಟ್ಟಬ್ಯಾಡ್ರಿ ಅಷ್ಟ."

ಕಟ್ಟಿಲ್ಲ. ಆದರೆ ನನ್ನ ಎಲೆಅಡಿಕೆಯ ಚೀಲದಲ್ಲಿ ಇನ್ನೂ ಒಂದು ಮಾರು ದಾರ ಉಳಿದಿದೆ. ಗಿರಿಜಾಳಿಗೆ ಗೊತ್ತಿಲ್ಲ. ಗಾಡಿಗೆ ಗೊತ್ತಿದ್ದರೂ ಇರಬಹುದು. ಅದರೊಳಗೆ ಕೂತು ಬರಿಯ ಅಡಿಕೆಗೆಂದು ಚೀಲಕ್ಕೆ ಕೈ ಹಾಕುವಾಗಲೂ ನಾನು ಮೊದಲು ಆ ದೀಪದ ಕಡೆ ನೋಡುತ್ತೇನೆ.