ಅಟ್ಟದ ಕೊಬ್ಬರಿ ಮತ್ತು ನನ್ನ ಬೆಕ್ಕಿನ ಮಂತ್ರ

ಬೆಕ್ಕು ಸಾಕುವ ವಿದ್ಯೆಯಲ್ಲಿ ಮಾಡದಕೆರೆಯ ಸುತ್ತಮುತ್ತ ನನ್ನನ್ನು ಮೀರಿಸುವವರು ಯಾರೂ ಇಲ್ಲ. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳುವುದಾದರೆ ಇಡೀ ಹೊಸದುರ್ಗ ತಾಲ್ಲೂಕನ್ನೇ ಸೇರಿಸಿ ಹೇಳುತ್ತಿದ್ದೆ!

ನಮ್ಮದು ತೆಂಗಿನ ತೋಟ. ತೋಟದೊಳಗೇ ಮನೆ, ಮನೆಗೆ ಅಂಟಿಕೊಂಡು ಕೊಟ್ಟಿಗೆ. ಕೆಳಗೆ ಎಮ್ಮೆಗಳು, ಅವುಗಳ ತಲೆಯ ಮೇಲೆ ಸೀಳಿದ ಅಡಿಕೆ ದಬ್ಬೆ ಹಾಸಿದ ಅಟ್ಟ. ಸಿಪ್ಪೆ ಸಮೇತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಅದರ ಪಾಡಿಗೆ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ನೋಡಲು ಒಡೆಯಬೇಕಾಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನಿಂದ ಲೊಟಲೊಟ ಎಂದು ಅದೇ ಹೇಳುತ್ತದೆ.

ಆ ಅಟ್ಟವೆಂದರೆ ನನಗೆ ಸ್ವರ್ಗ. ಮಧ್ಯಾಹ್ನ ಹೆಂಚಿನ ಸಂದಿಯಿಂದ ಬಿಸಿಲು ದಾರ ದಾರವಾಗಿ ಇಳಿಯುತ್ತದೆ. ಆ ದಾರದೊಳಗೆ ಧೂಳು ಯಾವ ಅವಸರವೂ ಇಲ್ಲದೆ ತೇಲುತ್ತದೆ. ಒಣಗುವ ಕಾಯಿಯ ಸಿಹಿ ವಾಸನೆ, ಕೆಳಗೆ ಎಮ್ಮೆ ಮೆಲುಕು ಹಾಕುವ ಸದ್ದು, ಹೊರಗೆ ಗರಿಗೆ ಗರಿ ತಾಗುವ ಸದ್ದು. ಅಲ್ಲಿ ಹೋಗಿ ಕುಳಿತರೆ ನಾನು ಕುಳಿತಿದ್ದೇನೋ ಮಲಗಿದ್ದೇನೋ ನನಗೇ ತಿಳಿಯುವುದಿಲ್ಲ. ನನ್ನ ಹೆಂಡತಿ ಗೌರಮ್ಮನಿಗೆ ಮಾತ್ರ ತಿಳಿಯುತ್ತದೆ. ಗೊರಕೆ ಅಡುಗೆಮನೆಗೆ ಕೇಳಿಸುತ್ತದಂತೆ.

ಈ ಸಲ ಅಟ್ಟದ ಕಾಯಿಯ ಮೇಲೆ ಗೌರಮ್ಮನ ಮಾನ ನಿಂತಿತ್ತು. ಹಿರಿಯೂರಿನಲ್ಲಿರುವ ಅವಳ ಅಣ್ಣ ಶಿವಣ್ಣನ ಮಗಳಿಗೆ ಮದುವೆ ಗೊತ್ತಾಗಿತ್ತು. ಮದುಮಗಳ ಮಡಿಲು ತುಂಬುವಾಗ ಅಕ್ಕಿ, ಅರಿಸಿನದ ಕೊಂಬಿನ ಜೊತೆ ಉಂಡೆ ಕೊಬ್ಬರಿಯೂ ಬೇಕು. ಅದರಲ್ಲಿ ಒಡಕಿರಬಾರದು, ತೂತಿರಬಾರದು. "ಸೋದರತ್ತೆ ಅಂತ ನಾನಿದೀನಿ. ಕೊಬ್ಬರಿ ನಮ್ಮಟ್ಟದ್ದೇ ಬರ್ಬೇಕು. ಅಂಗಡೀದು ತಂದ್ರೆ ನಾನು ಚಪ್ಪರ ತುಳಿಯಲ್ಲ" ಎಂದು ಅವಳು ನೆಂಟರೆಲ್ಲರ ಮುಂದೆ ಮಾತು ಕೊಟ್ಟು ಬಂದಿದ್ದಳು.

ಬಂದವಳೇ ಅಟ್ಟ ಹತ್ತಿದಳು. ಇಲಿಯ ಹಿಕ್ಕೆ ಕಂಡಿತು.

"ನೋಡ್ರಿ, ಬೆಕ್ಕು ತಂದು ಬಿಡ್ರಿ. ಸಂಜೆಗೆ ಒಂದ್ ಹಿಡಿ ಮಜ್ಜಿಗೆ ಅನ್ನ ಹಾಕಿದ್ರೆ ಸಾಕು. ಉಳಿದಿದ್ದು ಅವೇ ನೋಡ್ಕಂತಾವೆ."

"ಒಂದ್ ಹಿಡೀನಾ? ಲೇ ಗೌರಿ, ಕಾವಲಿಗೆ ನಿಲ್ಸಿ ಉಪವಾಸ ಕೆಡವೋದು ಯಾವ ನ್ಯಾಯನೇ? ಹೊಟ್ಟೆ ತುಂಬಿದ್ರೆ ನಿಯತ್ತು ತಾನಾಗೇ ಬರ್ತೈತೆ."

"ನಿಮಗೆ ಬಂದೈತಾ?"

ಈ ಪ್ರಶ್ನೆಯನ್ನು ನಾನು ಕಡತದಿಂದ ತೆಗೆದುಹಾಕಿದೆ.

ಪಕ್ಕದ ತೋಟದ ತಿಪ್ಪೇಸ್ವಾಮಿ ನನ್ನ ಬಾಲ್ಯದ ಗೆಳೆಯ. ಬಾಲ್ಯದಿಂದಲೂ ನಾನು ಹೇಳಿದ್ದನ್ನೆಲ್ಲ ನಂಬುವ ಒಳ್ಳೆಯ ಗುಣ ಅವನದು. ಅವನ ಹುಲ್ಲಿನ ಬಣವೆಯಿಂದ ಒಂದು ಗಂಡು ಬೆಕ್ಕನ್ನೂ, ಮರಿಗಳ ಸಮೇತ ಒಂದು ಹೆಣ್ಣು ಬೆಕ್ಕನ್ನೂ ಗೋಣಿಚೀಲದಲ್ಲಿ ತಂದೆ. ಗಂಡು ಬೆಕ್ಕಿಗೆ ಒಂದು ಕಿವಿ ಹರಿದಿತ್ತು. ನಡಿಗೆಯಂತೂ ದುರ್ಗದ ಏಳುಸುತ್ತಿನ ಕೋಟೆಯೇ ತನ್ನದು ಎಂಬಂತಿತ್ತು. ಅವನಿಗೆ ಪಾಳೇಗಾರ ಎಂದು ನಾಮಕರಣ ಮಾಡಿದೆ. ತಾಯಿಬೆಕ್ಕು ಸರಸಕ್ಕ.

ಬೆಳಿಗ್ಗೆ ಎಮ್ಮೆಯ ನೊರೆಹಾಲು. ಮಧ್ಯಾಹ್ನ ತುಪ್ಪ ಹಾಕಿ ಕಿವುಚಿದ ರಾಗಿಮುದ್ದೆ. ಸಂಜೆ ಕೆನೆಮೊಸರಿನ ಅನ್ನ. ನಮ್ಮದು ಲಿಂಗಪೂಜೆಯ ಮನೆ, ಬೇರೆ ಪದಾರ್ಥ ಹೊಸ್ತಿಲು ದಾಟುವಂತಿಲ್ಲ. ಆದರೆ ಬೆಕ್ಕುಗಳು ಯಾವ ತಕರಾರನ್ನೂ ಎತ್ತಲಿಲ್ಲ. ಬಟ್ಟಲು ತುಂಬಿಸಿಟ್ಟು, ಕಾದು ಕುಳಿತ ಹೊತ್ತಿನಲ್ಲಿ ಸುಮ್ಮನಿರಲಾರದೆ ನಾನು ಒಂದು ಕಾಯಿ ಎತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸುತ್ತಿದ್ದೆ. ಲೊಟಲೊಟ. ದಿನವೂ ಹಾಗೆಯೇ, ದಿನವೂ ಅದೇ ಕಾಯಿ. ಒಂದು ದಿನ ಬಟ್ಟಲು ಇಡದೆ ಬರೀ ಕಾಯಿ ಅಲ್ಲಾಡಿಸಿದೆ. ಅಟ್ಟದ ಮೂಲೆಮೂಲೆಯಿಂದ ಬಾಲಗಳು ಎದ್ದು ಬಂದವು!

ಆ ಕ್ಷಣ ನನ್ನೊಳಗೆ ಮಲಗಿದ್ದ ತರಲೆ ಮನುಷ್ಯ ಎದ್ದು ಕುಳಿತ. ನೇರವಾಗಿ ತಿಪ್ಪೇಸ್ವಾಮಿಯನ್ನು ಕರೆದುಕೊಂಡು ಬಂದೆ.

"ತಿಪ್ಪ, ನಂಗೊಂದು ಮಂತ್ರ ಸಿದ್ಧಿ ಆಗೈತೆ ಕಣೋ. ಬೆಕ್ಕು ಎಲ್ಲಿದ್ರೂ ಎದ್ದು ಬರ್ತಾವೆ."

"ಏನಪ್ಪ ಚನ್ನಪ್ಪ, ಬೆಳಿಗ್ಗೆ ಬೆಳಿಗ್ಗೆನೇ ಶುರು ಮಾಡ್ದ್ಯಾ?"

"ಕುಂತ್ಕ. ನೋಡು."

ಟವೆಲು ಹೊದ್ದು, ಅದರೊಳಗೆ ಬೆನ್ನ ಹಿಂದೆ ಕಾಯಿ ಹಿಡಿದು, ಕಣ್ಣು ಮುಚ್ಚಿ ಗಂಭೀರವಾಗಿ "ಹ್ರಾಂ ಹ್ರೀಂ ಹಾಲ್ ಹ್ರೀಂ" ಎಂದು ಗೊಣಗಿದೆ. ಬೆನ್ನ ಹಿಂದೆ ಲೊಟಲೊಟ. ಪಾಳೇಗಾರನ ಮುಂದಾಳತ್ವದಲ್ಲಿ ಇಡೀ ಸೈನ್ಯ ಅಟ್ಟದಿಂದಿಳಿದು ನನ್ನ ಕಾಲಿಗೆ ಸುತ್ತಿಕೊಂಡಿತು. ತಿಪ್ಪೇಸ್ವಾಮಿ ಬಾಯಿ ತೆರೆದುಕೊಂಡೇ ಮೊಬೈಲಿನಲ್ಲಿ ವಿಡಿಯೋ ಹಿಡಿದ. ಸಂಜೆಯೊಳಗೆ ಅದು ಹಿರಿಯೂರು, ಹೊಳಲ್ಕೆರೆಯ ನೆಂಟರ ಮೊಬೈಲುಗಳನ್ನೆಲ್ಲ ಸುತ್ತಿತು. ದಾರಿಯಲ್ಲಿ ಸಿಕ್ಕವರು "ಸ್ವಾಮೇರೇ" ಎನ್ನತೊಡಗಿದರು. ಅದರಲ್ಲಿ ತಮಾಷೆ ಎಷ್ಟು, ಭಕ್ತಿ ಎಷ್ಟು ಎಂದು ಬಿಡಿಸಿ ನೋಡುವ ಕೆಟ್ಟ ಬುದ್ಧಿ ನನಗಿಲ್ಲ.

ಸುದ್ದಿ ಬೆಕ್ಕುಗಳ ಲೋಕದಲ್ಲೂ ಹಬ್ಬಿತು. ತಿಪ್ಪೇಸ್ವಾಮಿಯ ಉಳಿದ ಬೆಕ್ಕುಗಳು ಬೇಲಿ ಹಾರಿ ಬಂದವು. ಅದರಾಚೆ ತೋಟದವೂ ಬಂದವು. ಮುಖಪರಿಚಯವೇ ಇಲ್ಲದವು ಬಂದು ಕಾಯಿರಾಶಿಯ ಮೇಲೆ ಕಾಲು ಚಾಚಿದವು.

"ಲೇ, ನಮ್ಮನೇಲಿ ಹೆಸರಿಗೊಂದು ಬೆಕ್ಕಿಲ್ಲ. ನಮ್ಮಟ್ಟದಾಗೂ ಕಾಯಿ ಐತೆ ಕಣೋ!" ಎಂದ ತಿಪ್ಪೇಸ್ವಾಮಿ.

"ಮಂತ್ರದ ಪ್ರಭಾವ ತಿಪ್ಪ. ನಾನೇನ್ ಮಾಡ್ಲಿ?" ಎಂದೆ.

ಆ ಮಧ್ಯಾಹ್ನಗಳನ್ನು ನಾನು ಹೇಗೆ ಮರೆಯಲಿ! ಹೊಟ್ಟೆಯ ಮೇಲೆ ಸರಸಕ್ಕ, ಕಂಕುಳಲ್ಲಿ ಮರಿಗಳು, ತಲೆಯ ಪಕ್ಕ ಪಾಳೇಗಾರ. ಎಲ್ಲ ಗಂಟಲುಗಳೂ ಸೇರಿ ಗುರ್ ಗುರ್ ಎನ್ನುವಾಗ ಅಟ್ಟವೇ ಮೆಲ್ಲಗೆ ತೇಲಿಕೊಂಡು ಹೋಗುತ್ತಿದೆ ಅನಿಸುತ್ತಿತ್ತು. ಬಿಸಿಲಿನ ದಾರಗಳು ರೆಪ್ಪೆಯ ಮೇಲೆ ಸರಿಯುತ್ತಿದ್ದವು. ದಿನವೂ ಒಂದೇ ಕನಸು. ನಾನು ದುರ್ಗದ ಕೋಟೆಯ ಬತೇರಿಯ ಮೇಲೆ ನಿಂತಿದ್ದೇನೆ. ಕೆಳಗೆ ಸಾಲು ಸಾಲು ಬೆಕ್ಕಿನ ಪಡೆ. ಅದರಾಚೆ ಬಂಡೆಗಳ ನೆರಳಿನಲ್ಲಿ ನನ್ನ ಕುದುರೆಗಳು ಹುರುಳಿ ತಿನ್ನುತ್ತಿವೆ. ಕರಕರ, ಕರಕರ. ಎಷ್ಟು ಹಿತವಾದ ಸದ್ದು! ತಿನ್ನಲಿ ಪಾಪ ಎಂದು ಮಗ್ಗುಲು ಬದಲಿಸುತ್ತಿದ್ದೆ.

ಹುರುಳಿ ತಿನ್ನುವ ಕುದುರೆ ನಮ್ಮ ಅಟ್ಟದ ಮೇಲೆ ಎಲ್ಲಿಂದ ಬಂತು ಎಂದು ಒಂದು ದಿನವಾದರೂ ಯೋಚಿಸಬೇಕಿತ್ತು.

ಒಮ್ಮೆ ಅರೆಗಣ್ಣು ತೆರೆದಾಗ ಪಾಳೇಗಾರನ ಬಟ್ಟಲಿನಲ್ಲಿ ಒಂದು ಇಲಿ ಹಾಲು ಕುಡಿಯುತ್ತಿತ್ತು. ಪಾಳೇಗಾರ ಅದಕ್ಕೆ ಜಾಗ ಬಿಟ್ಟು ಕುಳಿತಿದ್ದ. ನಾನು ಪುಲಕಿತನಾಗಿ ಕೆಳಗಿಳಿದೆ. "ಗೌರಿ, ನಮ್ಮಟ್ಟ ತಪೋವನ ಆಗೈತೆ ಕಣೇ. ಹುಟ್ಟುಹಗೆತನಾನೇ ಹೋಗ್ಬಿಟ್ಟೈತೆ!"

"ಇಲಿ ಹಿಡಿತಾವೇನ್ರಿ?"

"ಹಿಡಿಯೋದೇನ್ ಬಂತು? ಬೆಕ್ಕಿನ ನೆರಳು ಕಂಡ್ರೆ ಸಾಕು, ಪ್ರಾಣ ಬಿಡ್ತಾವೆ."

ಅವಳು ನಂಬಿದಳು. ಅಟ್ಟಕ್ಕೆ ನಾನೇ ಹೊಣೆ ಎಂದು ನಾನೇ ಎದೆ ತಟ್ಟಿ ಹೇಳಿದ್ದೆನಲ್ಲ, ಮತ್ತೆ ಮೇಲೆ ಹತ್ತಿ ನೋಡಲಿಲ್ಲ.

ಕೊಬ್ಬರಿ ಒಯ್ಯುವ ದಿನ ಶಿವಣ್ಣ ಗೂಡ್ಸ್ ಆಟೋ ಮಾಡಿಕೊಂಡು, ಜೊತೆಗೆ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಬಂದ. ಬಿಳಿ ಪಂಚೆ, ಬಿಳಿ ಶರ್ಟು. ಗೌರಮ್ಮ ಹೊಸ ಸೀರೆ ಉಟ್ಟು, ಅರಿಸಿನ ಕುಂಕುಮದ ತಟ್ಟೆ ಹಿಡಿದು ಅಂಗಳದಲ್ಲಿ ನಿಂತಿದ್ದಳು.

"ಬರ್ರಿ ಬರ್ರಿ, ಕುಂತ್ಕಳ್ರಿ" ಎಂದೆ.

"ಭಾವ, ಕುಂತ್ಕಳೋದು ಇದ್ದೇ ಐತೆ. ಮೊದ್ಲು ಆ ಬೆಕ್ಕಿನ ಮಂತ್ರ ತೋರ್ಸು. ಇವರೆಲ್ಲ ಅದಕ್ಕೇ ಬಂದಿರೋದು" ಎಂದ ಶಿವಣ್ಣ.

ಇಂಥ ಮಾತು ಕಿವಿಗೆ ಬಿದ್ದ ಮೇಲೆ ನನ್ನಂಥವನಿಗೆ ಕೈಕಾಲು ನಿಲ್ಲುತ್ತವೆಯೇ? ತಿಪ್ಪೇಸ್ವಾಮಿಯೂ ಬೇಲಿಯ ಬಳಿ ಮೊಬೈಲು ಹಿಡಿದು ಸಿದ್ಧನಾದ. ನಾನು ಟವೆಲು ಹೊದ್ದು, ನನ್ನ ಖಾಸಾ ಕಾಯಿಯನ್ನು ಬೆನ್ನಿಗೆ ಸೇರಿಸಿಕೊಂಡು ಅಂಗಳದ ನಡುವೆ ನಿಂತೆ. ಹಿಡಿದು ಹಿಡಿದು ಅದರ ಸಿಪ್ಪೆ ನುಣುಪಾಗಿತ್ತು.

"ಸದ್ದು ಮಾಡ್ಬಾರ್ದು" ಎಂದು ಅಪ್ಪಣೆ ಕೊಡಿಸಿ ಕಣ್ಣು ಮುಚ್ಚಿದೆ.

ಶಿವಣ್ಣ ಅವಸರದ ಮನುಷ್ಯ. ಸಭೆ ನನ್ನನ್ನು ನೋಡುತ್ತಿರಲಿ, ಅಷ್ಟರಲ್ಲಿ ಕಾಯಿ ಆರಿಸಿಬಿಡೋಣ ಎಂದು ಏಣಿ ಹತ್ತಿದ್ದು ನನಗೆ ತಿಳಿಯಲಿಲ್ಲ. ಮೇಲೆ ಹೋಗಿ ತೆಂಗು ಬೆಳೆಯುವ ಯಾರಾದರೂ ಮಾಡುವುದನ್ನೇ ಮಾಡಿದ. ಒಂದು ಕಾಯಿ ಎತ್ತಿದ. ಕಿವಿಯ ಹತ್ತಿರ ಹಿಡಿದ. ಅಲ್ಲಾಡಿಸಿದ.

ಇಲಿ ತಿಂದು ಉಳಿಸಿದ ಚೂರು ಕೂಡ ಲೊಟಲೊಟ ಅನ್ನುತ್ತದೆ ಎಂದು ನನಗೆ ಗೊತ್ತಾದದ್ದು ಆಮೇಲೆ.

"ಹ್ರಾಂ ಹ್ರೀಂ" ಎಂದೆ ನಾನು ಕೆಳಗೆ.

"ಅಯ್ಯಯ್ಯೋ!" ಎಂದ ಶಿವಣ್ಣ ಮೇಲೆ.

ಮೂರೂ ತೋಟದ ಬೆಕ್ಕುಗಳು ಅವನ ಮೇಲೆ ಮುಗಿಬಿದ್ದಿದ್ದವು. ಕಾಯಿ ಅಲ್ಲಾಡಿದೆ, ಬಟ್ಟಲು ಕಾಣುತ್ತಿಲ್ಲ. ಹಾಗಾದರೆ ಹಾಲು ಎಲ್ಲಿ? ಪಂಚೆಯೊಳಗೆ ಹುಡುಕಿದವು. ಹೆಗಲ ಮೇಲೆ ಹತ್ತಿ ಹುಡುಕಿದವು. ಪಾಳೇಗಾರ ನೇರವಾಗಿ ತಲೆಯ ಮೇಲೇ ಕುಳಿತು ಮೇಲ್ವಿಚಾರಣೆ ವಹಿಸಿದ. ನನಗೆ ಕೇಳಿಸಿದ್ದು ಗಲಾಟೆ ಮಾತ್ರ. ಆಹಾ, ಇವತ್ತು ಸಿದ್ಧಿ ಬಲವಾಗಿದೆ ಎಂದುಕೊಂಡು ಕಣ್ಣು ಮುಚ್ಚಿಕೊಂಡೇ ಮಂತ್ರದ ಧ್ವನಿ ಏರಿಸಿದೆ!

ಶಿವಣ್ಣ ಹಿಂದೆ ಹಿಂದೆ ಸರಿದು ಕಾಯಿರಾಶಿಗೆ ಅಡ್ಡ ಕೊಟ್ಟಿದ್ದ ಹಲಗೆಗೆ ಒರಗಿದ. ಹಲಗೆ ಕಳಚಿತು. ಅಟ್ಟದ ಅಂಚಿನಿಂದ ದಡದಡ ಎಂದು ಕಾಯಿಗಳು ಅಂಗಳಕ್ಕೆ ಸುರಿದವು. ಎಮ್ಮೆಗಳು ಹಗ್ಗ ಜಗ್ಗಿದವು. ಹೆಂಗಸರು ಜಗಲಿ ಹತ್ತಿದರು. ನಾನು ಕಣ್ಣು ಬಿಟ್ಟೆ.

ಅಂಗಳದ ತುಂಬ ಕಾಯಿ. ಇಷ್ಟು ದಿನ ಮುಖ ಕೆಳಗೆ ಮಾಡಿ ಮಲಗಿದ್ದವು ಈಗ ಉರುಳಿ ಹೊರಳಿ ನಿಂತಿದ್ದವು. ನೋಡಿದಲ್ಲೆಲ್ಲ ತೂತು! ದುಂಡಗೆ, ಅಚ್ಚುಕಟ್ಟಾಗಿ, ಕೆಲಸ ಬಲ್ಲವರು ಬಿಡುವಾಗಿ ಕುಳಿತು ಕೊರೆದ ತೂತುಗಳು. ಒಂದು ಕಾಯಿಯೊಳಗಿಂದ ದಪ್ಪನೆಯ ಇಲಿಯೊಂದು ತಲೆ ಹೊರಹಾಕಿ, ಇದೇನು ಗದ್ದಲ ಎಂಬಂತೆ ಸುತ್ತ ನೋಡಿತು. ಅಟ್ಟದಿಂದ ಹಾರಿ ಬಂದ ಪಾಳೇಗಾರ ಅದರ ಮುಂದೆಯೇ ಇಳಿದ. ತಿಪ್ಪೇಸ್ವಾಮಿ ಮೊಬೈಲನ್ನು ಅತ್ತ ತಿರುಗಿಸಿದ.

ಪಾಳೇಗಾರ ಓಡಿ ಬಂದು ನನ್ನ ಹೆಗಲೇರಿದ.

ಯಾರೂ ನಗಲಿಲ್ಲ. ಗೌರಮ್ಮ ಬೈದಿದ್ದರೆ ಚೆನ್ನಾಗಿತ್ತು. ಅವಳು ತಟ್ಟೆಯನ್ನು ಜಗಲಿಯ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು, ಒಂದೊಂದೇ ಕಾಯಿ ತಿರುಗಿಸಿ ನೋಡತೊಡಗಿದಳು. ತಿರುಗಿಸಿದ್ದೆಲ್ಲ ತೂತು. ಕೊನೆಗೆ ನನ್ನ ಮುಂದೆ ಬಂದು ಕೈ ಚಾಚಿದಳು.

"ಬೆನ್ನಿಂದೆ ಇರೋದು ಕೊಡ್ರಿ."

ಕೊಟ್ಟೆ. ಟವೆಲು ಜಾರಿತು. ಮಂತ್ರದ ಗುಟ್ಟು ಎಲ್ಲರ ಕಣ್ಣೆದುರು ಬೆತ್ತಲಾಯಿತು. ತಿಪ್ಪೇಸ್ವಾಮಿ ಮೊಬೈಲು ಕೆಳಗಿಳಿಸಿ, "ಕಾಯಿ?" ಎಂದ. "ಬರೀ ಕಾಯೇನೋ?" ಬಾಲ್ಯದಿಂದ ನಂಬಿದ್ದೆಲ್ಲವನ್ನೂ ಅವನು ಅಲ್ಲೇ ನಿಂತು ಮತ್ತೊಮ್ಮೆ ಪರಿಶೀಲಿಸುತ್ತಿದ್ದಂತೆ ಕಂಡಿತು.

ಗೌರಮ್ಮ ಆ ಕಾಯಿಯ ಸಿಪ್ಪೆ ಸುಲಿದು, ಚಿಪ್ಪನ್ನು ಸುತ್ತಲೂ ಹಗುರವಾಗಿ ಕುಟ್ಟಿ ಬಿಡಿಸಿದಳು. ಒಳಗಿನಿಂದ ಉಂಡೆ ಕೊಬ್ಬರಿ ಇಡಿಯಾಗಿ ಈಚೆ ಬಂತು. ಒಂದು ಗೀರಿಲ್ಲ. ದಿನವೂ ನನ್ನ ಕೈಯಲ್ಲೇ ಇದ್ದದ್ದರಿಂದ ಇಲಿಗಳಿಗೆ ಅದನ್ನು ಮುಟ್ಟಲು ಪುರುಸೊತ್ತು ಸಿಕ್ಕಿರಲಿಲ್ಲ.

"ಒಂದಾದ್ರೂ ಐತಲ್ಲ ಬಿಡು, ಗೌರಕ್ಕ. ಉಳಿದಿದ್ದು ನಮ್ಮಟ್ಟದಾಗೆ ನೋಡಾಣ ಬರ್ರಿ" ಎಂದ ತಿಪ್ಪೇಸ್ವಾಮಿ.

ನನಗೆ ತಡೆಯಲಾಗಲಿಲ್ಲ. "ನಿಮ್ಮಟ್ಟದಾಗೇನ್ ಉಳಿದಿರ್ತೈತೋ? ಅಲ್ಲಿ ಬೆಕ್ಕೇ ಇಲ್ವಲ್ಲ!"

ಹೋಗಿ ನೋಡಿದೆವು. ಒಂದೂ ತೂತಿಲ್ಲ! ಅವನ ಬೆಕ್ಕುಗಳ ಹಿಂದೆಯೇ ಅವನ ಇಲಿಗಳೂ ನಮ್ಮಲ್ಲಿಗೆ ಊಟಕ್ಕೆ ಬಂದುಬಿಟ್ಟಿದ್ದವು.

ಹೀಗೆ ಮದುಮಗಳ ಮಡಿಲಿಗೆ ತಿಪ್ಪೇಸ್ವಾಮಿಯ ಅಟ್ಟದ ಕೊಬ್ಬರಿ ಬಿತ್ತು. ಮೇಲೆ, ಎಲ್ಲರಿಗೂ ಕಾಣುವಂತೆ, ನಮ್ಮದೊಂದು. ಗೌರಮ್ಮ ಅದನ್ನು ಸೆರಗಿನಿಂದ ಒರೆಸಿ ಇಟ್ಟಿದ್ದನ್ನು ನಾನು ಕಂಬದ ಮರೆಯಿಂದ ನೋಡಿದೆ. ಹುಡುಗಿ ಬಗ್ಗಿ, "ಅತ್ತೆ, ಇದು ಮಾವನ ಮಂತ್ರದ್ದಾ?" ಎಂದಳು. ಗೌರಮ್ಮನಿಗೆ ನಗು ಬಂತು. ನನಗೂ ಊಟದ ಪಂಕ್ತಿಯಲ್ಲಿ ಜಾಗ ಸಿಕ್ಕಿತು.

ಈಗ ಬೆಕ್ಕುಗಳ ಖಾತೆ ನನ್ನಿಂದ ಕಿತ್ತು ಗೌರಮ್ಮನಿಗೆ ವಹಿಸಲಾಗಿದೆ. ಸಂಜೆ ಒಂದು ಹಿಡಿ ಮಜ್ಜಿಗೆ ಅನ್ನ, ಅಷ್ಟೇ. ಬಂದ ಬೆಕ್ಕಿನ ನೆಂಟರೆಲ್ಲ ತಮ್ಮ ತಮ್ಮ ತೋಟಕ್ಕೆ ವಾಪಸಾದರು. ಪಾಳೇಗಾರ ಹೊಟ್ಟೆ ಕರಗಿಸಿಕೊಂಡು, ಒಂದು ದಿನ ಇಲಿ ಹಿಡಿದು ತಂದು ಹಿತ್ತಲ ಬಾಗಿಲಲ್ಲಿ ಅವಳ ಮುಂದಿಟ್ಟನಂತೆ. ನಾನು ಅಷ್ಟು ಹಾಲು ಕುಡಿಸಿದಾಗ ನನಗೊಂದು ಜಿರಳೆಯನ್ನೂ ತಂದುಕೊಟ್ಟವನಲ್ಲ.

ಅಡುಗೆಮನೆಯ ಕಿಟಕಿಯಲ್ಲಿ ಒಂದು ಕಾಯಿ ಇಟ್ಟುಕೊಂಡಿದ್ದಾಳೆ. ಬೆಕ್ಕುಗಳನ್ನು ಕರೆಯುವುದೂ ಅದರಿಂದಲೇ, ನನ್ನನ್ನು ಊಟಕ್ಕೆ ಕರೆಯುವುದೂ ಅದರಿಂದಲೇ.

"ನಾನೇನ್ ಬೆಕ್ಕೇನೇ?" ಎಂದು ಪ್ರತಿಭಟಿಸಿದೆ.

"ಅಲ್ಲ ಬಿಡ್ರಿ. ಬೆಕ್ಕು ಇಲಿ ಹಿಡಿತಾವೆ."

ಮೊನ್ನೆ ಮಧ್ಯಾಹ್ನ ಅಟ್ಟದ ಮೇಲೆ ಮಲಗಿದ್ದೆ. ಅದೇ ಬಿಸಿಲಿನ ದಾರ, ಅದೇ ತೇಲುವ ಧೂಳು. ಕನಸಿನಲ್ಲಿ ಕೋಟೆಯ ಬಾಗಿಲು ಆಗತಾನೇ ತೆರೆಯುತ್ತಿತ್ತು. ದೂರದಿಂದ ಲೊಟಲೊಟ ಕೇಳಿಸಿತು. ಕಣ್ಣು ಪೂರ್ತಿ ಬಿಡುವ ಮೊದಲೇ ನಾನು ಏಣಿ ಇಳಿದು ಅಂಗಳದಲ್ಲಿದ್ದೆ.

ಅಂಗಳದ ನಡುವೆ ತಿಪ್ಪೇಸ್ವಾಮಿ ನಿಂತಿದ್ದ. ಟವೆಲು ಹೊದ್ದು, ಕೈ ಬೆನ್ನ ಹಿಂದೆ ಇಟ್ಟು, ಕಣ್ಣು ಮುಚ್ಚಿ "ಹ್ರಾಂ ಹ್ರೀಂ ಹಾಲ್ ಹ್ರೀಂ" ಎನ್ನುತ್ತಿದ್ದ. ಜಗಲಿಯ ಮೇಲೆ ಗೌರಮ್ಮ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದಳು.

ಅಟ್ಟದ ಅಂಚಿನಲ್ಲಿ ಪಾಳೇಗಾರ ಕುಳಿತು ಕೆಳಗೆ ನೋಡುತ್ತಿದ್ದ. ಅದು ಮಜ್ಜಿಗೆ ಅನ್ನದ ಹೊತ್ತಲ್ಲ ಎಂದು ಅವನಿಗೆ ಗೊತ್ತಿತ್ತು. ಬೆಕ್ಕು ಒಂದೂ ಇಳಿದಿರಲಿಲ್ಲ.

ಬಂದವನು ನಾನೊಬ್ಬನೇ!